ಗಟ್ಟಿ ನೆಲ

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದವಳಿಗೆ ಊರವರು ಇಟ್ಟ ಹೆಸರು ಚಿಲ್ಲರಮ್ಮ. ಕಿಂಡಿಯ ಆಚೆ ಯಾರ ಮುಖ ಕಂಡರೂ ಅವಳ ಬಾಯಿಂದ ಮೊದಲು ಉದುರುತ್ತಿದ್ದದ್ದು "ಚಿಲ್ಲರೆ ಕೊಡಿ" ಎಂಬ ಮಾತು. ಮದುವೆಯ ದಿನ ಗಂಡನಿಗೂ ಮೊದಲು ಹಾಗೇ ಅಂದಳಂತೆ ಎಂದು ಕ್ಷೌರದಂಗಡಿಯವನು ಸುದ್ದಿ ಹಬ್ಬಿಸಿದ್ದ. ಅವಳು ಅದಕ್ಕೆ ಸಿಟ್ಟಾಗಿರಲಿಲ್ಲ. "ಅಂದೆ, ಎಲ್ಲಿ ಕೊಟ್ರು? ಇವತ್ತಿಗೂ ಬಾಕಿ ಇದೆ" ಎಂದು ತಾನೇ ನಗುತ್ತಿದ್ದಳು.

ಅವಳ ಅಕ್ಕ ಎರಡು ಬೀದಿ ಆಚೆ ಇದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನವಿಡೀ ಹಬೆಯ ನಡುವೆ ಹಾಸಿಗೆ ಬಟ್ಟೆ ಕುದಿಸಿ, ಹಿಂಡಿ, ಮಡಿಸಿ ಅವಳ ಬೆರಳ ತುದಿಗಳು ಸದಾ ನೆನೆದ ಕಾಗದದಂತೆ ಸುಕ್ಕಾಗಿರುತ್ತಿದ್ದವು. ಭಾವ ಲಾರಿ ಓಡಿಸುತ್ತಿದ್ದ. ಅಕ್ಕ ತಂಗಿಯರಿಬ್ಬರಿಗೂ ಒಂದೊಂದು ಹೆಣ್ಣುಮಗು. ಮಕ್ಕಳಿಬ್ಬರದೂ ಒಂದೇ ವಯಸ್ಸು, ಒಂದೇ ತರಗತಿ, ಒಂದೇ ಬೆಂಚು. ಅಕ್ಕನ ಮಗಳು ಬಾಯಿ ತೆರೆದರೆ ವಟವಟ, ಅದಕ್ಕೇ ಎಲ್ಲರಿಗೂ ಅವಳು ವಟಾಣಿ. ಚಿಲ್ಲರಮ್ಮನ ಮಗಳು ಪುಟ್ಟಿಗೆ ಮಾತು ಕಡಿಮೆ. ಇಬ್ಬರಿಗೂ ಹಂಚಿಕೊಳ್ಳಿ ಅಂತ ದೇವರು ಕೊಟ್ಟ ಮಾತನ್ನೆಲ್ಲ ವಟಾಣಿಯೇ ಬಾಚಿಕೊಂಡುಬಿಟ್ಟಳು ಎಂದು ಅಕ್ಕ ಹೇಳುತ್ತಿದ್ದಳು.

ಶಾಲೆ ಗುಡ್ಡದ ಬುಡದಲ್ಲಿತ್ತು. ವಾರವಿಡೀ ಬಿಡದೆ ಸುರಿದ ಮಳೆಯ ನಂತರ ಒಂದು ಬೆಳಿಗ್ಗೆ, ಪಾಠ ನಡೆಯುತ್ತಿರುವಾಗಲೇ, ಗುಡ್ಡದ ಒಂದು ಮಗ್ಗುಲು ಕಳಚಿ ಬಂತು. ಸದ್ದು ಬಸ್ ನಿಲ್ದಾಣದವರೆಗೂ ಕೇಳಿತು. ಯಾವುದೋ ಬಸ್ಸಿನ ಟೈರು ಸಿಡಿಯಿತು ಎಂದುಕೊಂಡ ಚಿಲ್ಲರಮ್ಮ, ಸದ್ದು ನಿಲ್ಲದೆ ಮುಂದುವರಿದಾಗ ಕಿಂಡಿಯನ್ನೂ ಮುಚ್ಚದೆ ಎದ್ದು ಓಡಿದಳು. ಆ ದಿನ ಪುಟ್ಟಿಗೆ ಕಿವಿನೋವು. ಬಿಸಿ ಬಟ್ಟೆ ಒತ್ತಿಕೊಂಡು ಅವಳು ಮನೆಯಲ್ಲೇ ಮಲಗಿದ್ದಳು. ಅದು ಗೊತ್ತಿದ್ದೂ ಚಿಲ್ಲರಮ್ಮ ಓಡಿದಳು. ಬೆಂಚಿನ ಇನ್ನೊಂದು ತುದಿಯಲ್ಲಿ ವಟಾಣಿ ಇದ್ದಳಲ್ಲ.

ಮುಂದಿನ ಕೋಣೆಗಳ ಮಕ್ಕಳು ಹೊರಗೆ ಬಂದರು. ಹಿಂದಿನ ಕೋಣೆಗಳ ಬಾಗಿಲುಗಳು ಒಳಮುಖವಾಗಿ ತೆರೆಯುವಂಥವು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ಒತ್ತಿಕೊಂಡದ್ದರಿಂದ ಅವು ತೆರೆಯಲೇ ಇಲ್ಲ. ಊರೆಲ್ಲ ಸೇರಿ ಕೆಸರು ತೋಡಿತು. ಎಷ್ಟೋ ಮಕ್ಕಳು ಸಿಕ್ಕರು, ಕೆಲವರು ಸಿಗಲಿಲ್ಲ. ಗುಡ್ಡ ಇನ್ನೂ ಸರಿಯುತ್ತಿದೆ ಎಂದು ಹೇಳಿ ಸರಕಾರದವರು ಯಂತ್ರಗಳನ್ನು ವಾಪಸ್ ಕರೆಸಿಕೊಂಡರು, ಸುತ್ತಲೂ ಹಗ್ಗ ಕಟ್ಟಿದರು, ಯಾರೂ ಒಳಗೆ ಕಾಲಿಡಬಾರದೆಂದು ಫಲಕ ನೆಟ್ಟರು. ವಟಾಣಿ ಸಿಗದವರಲ್ಲಿ ಒಬ್ಬಳು.

ಭಾವ ಆಮೇಲೆ ದೂರದ ಬಾಡಿಗೆಗಳನ್ನೇ ಹುಡುಕಿ ಹೋಗತೊಡಗಿದ. ಮನೆಗೆ ಬಂದರೂ ಲಾರಿಯಲ್ಲೇ ಮಲಗುತ್ತಿದ್ದ. ಅಕ್ಕ ಕೆಲವು ಕಾಲ ಕಚೇರಿಯಿಂದ ಕಚೇರಿಗೆ ಅಲೆದಳು, ಆಮೇಲೆ ಅಲೆಯುವುದನ್ನೂ ಬಿಟ್ಟಳು. ತಂಗಿ ಬಂದರೆ ಬಾಗಿಲು ತೆಗೆಯುತ್ತಿದ್ದಳು, ಕೂರು ಎನ್ನುತ್ತಿದ್ದಳು, ಅಷ್ಟೆ. ಪುಟ್ಟಿ ಬಂದರೆ ಅಡುಗೆಮನೆಗೆ ಎದ್ದುಹೋಗಿ ಅಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಚಿಲ್ಲರಮ್ಮ ಮಗಳನ್ನು ಕರೆದುಕೊಂಡು ಹೋಗುವುದನ್ನು ನಿಲ್ಲಿಸಿದಳು.

ಉಳಿದ ಮಕ್ಕಳಿಗೆ ಬಸ್ ಡಿಪೋದ ಹಳೆಯ ಟೈರು ಗೋದಾಮಿನಲ್ಲಿ ತರಗತಿ ನಡೆಯಿತು. ರಬ್ಬರಿನ ವಾಸನೆಗೆ ಮಕ್ಕಳಿಗೆ ತಲೆನೋವು ಬರುತ್ತಿತ್ತು. ಬಸ್ಸು ಹಿಂದೆ ಸರಿಯುವಾಗಲೆಲ್ಲ ಪಾಠ ನಿಲ್ಲುತ್ತಿತ್ತು. ಹೊಸ ಶಾಲೆ ಬರುತ್ತದೆ, ಬರುತ್ತದೆ ಎಂಬ ಮಾತು ಮಾತ್ರ ಬರುತ್ತಲೇ ಇತ್ತು.

ಕೊನೆಗೆ ಇಂಜಿನಿಯರ್ ಬಂದ. ನಡುವಯಸ್ಸಿನ ಸೌಮ್ಯ ಮನುಷ್ಯ. ಎಲ್ಲೆಲ್ಲೋ ಭೂಕಂಪ, ನೆರೆ, ಕುಸಿತಗಳನ್ನು ತಡೆದು ನಿಲ್ಲುವ ಶಾಲೆಗಳನ್ನು ಕಟ್ಟಿಸಿದವನು. ಬರುವಾಗ ನಕ್ಷೆಗಳನ್ನು ತರುವ ಬದಲು ಚಪ್ಪಲಿ ಅಂಗಡಿಯಿಂದ ಒಂದು ಗೋಣಿಚೀಲ ತುಂಬ ಖಾಲಿ ರಟ್ಟಿನ ಡಬ್ಬಗಳನ್ನು ತಂದ. ಗೋದಾಮಿನ ನೆಲದ ಮೇಲೆ ಅವನ್ನು ಸುರಿದು, "ನಾನು ಶಾಲೆ ಕಟ್ಟೋಕೆ ಬಂದಿಲ್ಲ. ನೀವು ಕಟ್ಟೋದಕ್ಕೆ ಸಹಾಯ ಮಾಡೋಕೆ ಬಂದಿದೀನಿ. ಒಂದೊಂದು ಡಬ್ಬ ಒಂದೊಂದು ಕೋಣೆ. ಎಲ್ಲಿಡಬೇಕು ಅನ್ನೋದನ್ನ ನೀವೇ ಹೇಳಿ" ಎಂದ.

ಅವತ್ತಿನಿಂದ ಅವನು ಡಬ್ಬಾ ಸಾಹೇಬ.

ಸಮಿತಿ ಆಯಿತು. ಗಟ್ಟಿ ದನಿ, ಎಲ್ಲರ ಪರಿಚಯ ಎಂದು ಚಿಲ್ಲರಮ್ಮನನ್ನು ಕಾರ್ಯದರ್ಶಿ ಮಾಡಿದರು. ಮೊದಮೊದಲು ಜನ ಗೋಡೆಗೆ ಒರಗಿ ಸುಮ್ಮನೆ ನಿಂತರು. ಇವನಿಗೇನು ಹುಚ್ಚೇ ಎಂಬಂತೆ ಡಬ್ಬಗಳನ್ನು ನೋಡಿದರು. ಆಮೇಲೆ ಒಬ್ಬ ತಾಯಿ ಬಗ್ಗಿ ಒಂದು ಡಬ್ಬ ಎತ್ತಿ, ಶೌಚಾಲಯ ಗುಡ್ಡದ ಕಡೆ ಬೇಡವೇ ಬೇಡ, ಮುಂದೆಯೇ ಇರಲಿ, ನಾತ ಬಂದರೆ ಬರಲಿ ಎಂದಳು. ಕಿವಿ ಕೇಳದ ಒಬ್ಬ ಮರಗೆಲಸದವನು ಕೈಸನ್ನೆಯಲ್ಲಿ, ಗಂಟೆ ಸಾಲದು, ಕೋಣೆ ಕೋಣೆಗೂ ಕೆಂಪು ದೀಪ ಬೇಕು, ತನ್ನ ಮಗನಿಗೂ ಕಿವಿ ಕೇಳುವುದಿಲ್ಲ ಎಂದು ತೋರಿಸಿದ. ಬಾಗಿಲು ಹೊರಮುಖವಾಗಿ ತೆರೆಯಬೇಕು ಎಂಬ ಮಾತನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಹಲವರು ಒಟ್ಟಿಗೇ ಹೇಳಿದರು.

"ನನ್ನ ಅಂಗಡೀಲಿ ಕನ್ನಡಿ ಎದುರು ಕೂತವನಿಗೆ ಬೆನ್ನ ಹಿಂದಿರೋದೆಲ್ಲ ಕಾಣುತ್ತೆ" ಎಂದ ಕ್ಷೌರದಂಗಡಿಯವನು. "ಸ್ಕೂಲಿಗೂ ಹಿಂದಕ್ಕೆ ನೋಡೋ ಕಿಟಕಿ ಇಡಿ, ಸಾಹೇಬ್ರೇ. ಗುಡ್ಡಕ್ಕೆ ಬೆನ್ನು ಹಾಕಿ ಕೂತದ್ದೇ ನಮ್ಮ ತಪ್ಪು."

ಡಬ್ಬಾ ಸಾಹೇಬ ಎಲ್ಲವನ್ನೂ ಕೇಳಿದ. ಅವನಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ಆ ಊರು ಕಂಡಿರಲಿಲ್ಲ. ಯಾರ ಮಾತನ್ನೂ ನಡುವೆ ತಡೆಯುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಡಬ್ಬಗಳಿಗೆ ಅಂಟು ಹಚ್ಚಿ, ಮರುಸಭೆಗೆ ಹೊಸ ಮಾದರಿ ತರುತ್ತಿದ್ದ. ಅದನ್ನು ತಿರುಗಿಸಿ ತಿರುಗಿಸಿ ನೋಡುವಾಗ ಅವನ ಮುಖ ಅರಳುತ್ತಿತ್ತು. "ಹೆತ್ತೋರಿಗೆ ಹೆಗ್ಗಣ ಮುದ್ದು" ಎಂದು ಕ್ಷೌರದಂಗಡಿಯವನು ಪಿಸುಗುಟ್ಟಿದರೆ ಜನ ನಗುತ್ತಿದ್ದರು. ಆ ಊರಿನಲ್ಲಿ ಜನ ನಕ್ಕು ಬಹಳ ಕಾಲವಾಗಿತ್ತು. ಅಕ್ಕ ಯಾವ ಸಭೆಗೂ ಬರಲಿಲ್ಲ.

ಅವಳು ಬಂದದ್ದು ಜಾಗ ಆರಿಸುವ ಸಭೆಗೆ.

ಡಬ್ಬಾ ಸಾಹೇಬ ಎರಡು ಜಾಗ ತೋರಿಸಿದ. ಒಂದು, ಡಿಪೋ ಪಕ್ಕದ ಖಾಲಿ ಬಯಲು. ಸಮತಟ್ಟು, ಗುಡ್ಡದಿಂದ ದೂರ. ಆದರೆ ದೂಳು, ಬಸ್ಸಿನ ಹೊಗೆ, ಮಕ್ಕಳು ದೊಡ್ಡ ರಸ್ತೆ ದಾಟಬೇಕು. ಇನ್ನೊಂದು, ಹಳೆಯ ಶಾಲೆಯ ಜಾಗ. ಅಲ್ಲಿ ಕಟ್ಟುವುದಾದರೆ ಹಿಂದೆ ದಪ್ಪನೆಯ ತಡೆಗೋಡೆ ಬೇಕು.

"ಗೋಡೆ ಕಟ್ಟಿದ್ರೆ ಸಾಕಾಗುತ್ತಾ?" ಎಂದು ಚಿಲ್ಲರಮ್ಮ ಕೇಳಿದಳು.

"ಸಣ್ಣ ಕುಸಿತಕ್ಕೆ ಸಾಕು."

"ದೊಡ್ಡದಕ್ಕೆ?"

ಅವನು ಸುಳ್ಳು ಹೇಳುವವನಲ್ಲ. "ದೊಡ್ಡದು ಬಂದ್ರೆ ಯಾವ ಗೋಡೆಯೂ ಸಾಕಾಗಲ್ಲ. ನನ್ನನ್ನ ಕೇಳಿದ್ರೆ ಬಯಲೇ ವಾಸಿ. ಆದ್ರೆ ತೀರ್ಮಾನ ನಿಮ್ಮದು."

ಆಗ ಗೋದಾಮಿನ ಬಾಗಿಲ ಬಳಿಯಿಂದ ಅಕ್ಕ ಮುಂದೆ ಬಂದಳು. ಲಾಂಡ್ರಿಯ ಒದ್ದೆ ಏಪ್ರನ್ನನ್ನು ಬಿಚ್ಚಿರಲೂ ಇಲ್ಲ.

"ನನ್ನ ಮಗಳು ಅಲ್ಲೇ ಇದಾಳೆ" ಎಂದಳು. ದನಿ ಏರಲಿಲ್ಲ. "ಸ್ಕೂಲನ್ನ ಬೇರೆ ಕಡೆ ಕಟ್ಟಿದ್ರೆ ಆ ಜಾಗ ಏನಾಗುತ್ತೆ? ಕಸ ಹಾಕ್ತೀರಾ? ಲಾರಿ ನಿಲ್ಲಿಸ್ತೀರಾ? ನಾಳೆ ಯಾರೋ ಬಂದು ಗೋಡೌನ್ ಕಟ್ತಾರೆ. ಅವಳಿಗೆ ಒಬ್ಬಳೇ ಇದ್ದು ಅಭ್ಯಾಸ ಇಲ್ಲ. ಅಲ್ಲೇ ಅಗೀರಿ, ಅಲ್ಲೇ ಕಟ್ಟಿ. ಮಕ್ಕಳ ಸದ್ದು ಇರ್ಲಿ."

ಮಗು ಸಿಗದ ಇನ್ನೊಬ್ಬ ತಾಯಿ ಬಾಯಿಗೆ ಸೆರಗೊತ್ತಿಕೊಂಡು ಬಿಕ್ಕಿದಳು. ಮಗುವನ್ನು ಮಣ್ಣು ಮಾಡಿದವರೂ ಅತ್ತರು, ಮಕ್ಕಳು ಬದುಕಿದವರೂ ಅತ್ತರು. ಸಭೆ ಯಾವ ಕಡೆ ವಾಲುತ್ತಿದೆ ಎಂಬುದು ಚಿಲ್ಲರಮ್ಮನಿಗೆ ಕಂಡಿತು. ಎದ್ದು ನಿಂತಳು.

"ಅಕ್ಕಾ, ವಟಾಣಿ ಅಲ್ಲಿದಾಳೆ, ನಿಜ. ನನಗೂ ಸಂಕಟ ಆಗುತ್ತೆ. ಆದ್ರೆ ಗುಡ್ಡ ಇನ್ನೂ ಅಲ್ಲೇ ಇದೆಯಲ್ಲ? ಇರೋ ಮಕ್ಕಳನ್ನ ಮತ್ತೆ ಅದರ ಬುಡದಲ್ಲಿ ಕೂರಿಸೋದಾ?"

ಅಕ್ಕ ತಿರುಗಿ ನೋಡಿದಳು. ಎಷ್ಟೋ ತಿಂಗಳ ನಂತರ ತಂಗಿಯ ಕಣ್ಣಲ್ಲಿ ಕಣ್ಣಿಟ್ಟದ್ದು ಆಗಲೇ.

"ಆ ಹೊತ್ತಲ್ಲಿ ನಿನ್ನ ಮಗಳು ಮನೇಲಿ ಬೆಚ್ಚಗೆ ಮಲಗಿದ್ಲು. ಈ ವಿಷಯದಲ್ಲಿ ನೀನು ಮಾತಾಡಬೇಡ."

ಚಿಲ್ಲರಮ್ಮ ಕುಳಿತಳು. ಕೈ ಎತ್ತಿ ಎಂದಾಗ ಎಣಿಸುವ ಅಗತ್ಯವೇ ಬೀಳಲಿಲ್ಲ. ಡಬ್ಬಾ ಸಾಹೇಬ ಎತ್ತಿದ ಕೈಗಳನ್ನು ನೋಡಿದ, ತನ್ನ ಕಾಲ ಬಳಿ ಇದ್ದ ಮಾದರಿಯನ್ನು ನೋಡಿದ.

ಮಾರನೆಯ ದಿನ ಅವನು ಊರಿಂದ ಹೊರಡುವ ಬಸ್ಸಿಗೆ ಟಿಕೆಟ್ ಕೇಳಲು ಕಿಂಡಿಗೆ ಬಂದಾಗ ಚಿಲ್ಲರಮ್ಮ ಟಿಕೆಟ್ ಹರಿಯಲಿಲ್ಲ.

"ಆಗಲ್ಲ ಅಂತ ನೀವು ಹೇಳಬಹುದಿತ್ತು" ಎಂದಳು.

"ಹೇಳಬಹುದಿತ್ತು." ಅವನು ಕಿಂಡಿಯ ಕಟ್ಟೆಯ ಮೇಲೆ ಕೈಯಿಟ್ಟು ನಿಂತ. "ಎರಡು ಜಾಗ ತೋರಿಸಲೇಬಾರದಿತ್ತು. ಬಯಲು ಒಂದನ್ನೇ ತೋರಿಸಬೇಕಿತ್ತು. ಆದ್ರೆ ಜನರನ್ನ ಕೇಳಬೇಕು, ಕೇಳದೆ ಏನೂ ಮಾಡಬಾರದು ಅಂತ ಇಷ್ಟು ವರ್ಷ ನಾನೇ ಎಲ್ಲರ ಜೊತೆ ಜಗಳ ಆಡಿದೀನಿ, ಅಮ್ಮ. ಕೇಳಿ ಆದಮೇಲೆ ಕಿವಿ ಮುಚ್ಚಿಕೊಳ್ಳೋದು ಹೇಗೆ?"

"ನಮಗೆ ಎಲ್ಲಾದರೂ ಗುಡ್ಡದ ಲೆಕ್ಕ ಗೊತ್ತಾಗುತ್ತಾ? ಹೊಟ್ಟೇಲಿ ಬೆಂಕಿ ಬಿದ್ದೋರನ್ನ ಎಲ್ಲಿ ಕಟ್ಟಬೇಕು ಅಂತ ಕೇಳಿದ್ರೆ ಅವರು ಇನ್ನೇನು ಹೇಳ್ತಾರೆ?"

ಅವನು ಚಿಲ್ಲರೆ ಎಣಿಸಿ ಕಿಂಡಿಯೊಳಗೆ ಇಟ್ಟ. ಹಿಂದೆ ಸಾಲು ಬೆಳೆದಿತ್ತು. ಅವಳು ಟಿಕೆಟ್ ಹರಿದು ಕೊಟ್ಟಳು.

ಅವಳು ಅಲ್ಲಿಗೇ ಬಿಡಲಿಲ್ಲ. ರಜೆ ಹಾಕಿ ಮೇಲಿನ ಕಚೇರಿಗೆ ಹೋದಳು. ಅಲ್ಲಿಯ ಅಧಿಕಾರಿಣಿ ಮರ್ಯಾದೆಯಿಂದ ಕೂರಿಸಿದಳು, ಟೀ ತರಿಸಿದಳು. ಎಲ್ಲ ಕೇಳಿದ ಮೇಲೆ, "ನೀವು ಹೇಳೋದು ಅರ್ಥ ಆಗುತ್ತೆ. ಆದ್ರೆ ಜನರೇ ಸೇರಿ ತೀರ್ಮಾನ ಮಾಡಿರುವಾಗ ನಾವು ಮೇಲಿಂದ ಬದಲಾಯಿಸಿದ್ರೆ ಅದು ಜನರ ಶಾಲೆ ಹೇಗಾಗುತ್ತೆ?" ಎಂದಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅದೇ ಚಿಲ್ಲರಮ್ಮನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸುಳ್ಳು ಹೇಳುವವರ ಎದುರು ಕೂಗಾಡಬಹುದು, ಒಳ್ಳೆಯವರ ಎದುರು ಏನು ಮಾಡುವುದು?

ಊರಲ್ಲಿ ಅವಳ ಮೇಲೆ ಮುನಿಸು ಬೆಳೆಯಿತು. ಸ್ವಂತ ಅಕ್ಕನ ಗಾಯಕ್ಕೆ ಉಪ್ಪು ಸುರಿದವಳು, ಊರೆಲ್ಲ ಒಪ್ಪಿದ್ದನ್ನು ಕೆಡಿಸಲು ಹೋದವಳು ಎಂದರು. ಕಿಂಡಿಯಲ್ಲಿ ನಗೆಮಾತು ನಿಂತಿತು. ಜನ ಸರಿಯಾದ ಚಿಲ್ಲರೆಯನ್ನೇ ತಂದು, ಮಾತಿಲ್ಲದೆ ಇಟ್ಟು, ಟಿಕೆಟ್ ಎತ್ತಿಕೊಂಡು ಹೋಗತೊಡಗಿದರು.

ಮಳೆಗಾಲ ಕಳೆದು ಹಗ್ಗ ಬಿಚ್ಚಿದರು, ಫಲಕ ಕಿತ್ತರು, ಅಡಿಪಾಯ ಅಗೆಯುವ ಯಂತ್ರ ಬಂತು. ಅಂದಿನಿಂದ ಅಕ್ಕ ಲಾಂಡ್ರಿಗೆ ಹೋಗಲಿಲ್ಲ. ಬೆಳಿಗ್ಗೆ ಯಂತ್ರದವನಿಗಿಂತ ಮೊದಲೇ ಹೋಗಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಯಂತ್ರ ಒಂದು ಬಕೆಟ್ ಮಣ್ಣು ಎತ್ತಿ ಹಾಕಿದರೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಆ ಮಣ್ಣನ್ನು ಬೆರಳಿಂದ ಕೆದಕಿ, ಹೆಂಟೆ ಹೆಂಟೆಯನ್ನೂ ಒಡೆದು ನೋಡಿ, ಆಮೇಲೆ ತಲೆಯಾಡಿಸುತ್ತಿದ್ದಳು. ಯಂತ್ರದವನು ಬಯ್ಯಲಿಲ್ಲ. ಅವಳು ತಲೆಯಾಡಿಸುವವರೆಗೆ ಬೀಡಿ ಸೇದುತ್ತ ಕಾಯುತ್ತಿದ್ದ. ಬೆಂಚಿನ ಕಾಲು ಸಿಕ್ಕಿತು. ಊಟದ ಡಬ್ಬಿಯ ಮುಚ್ಚಳವೊಂದು ಸಿಕ್ಕಿತು. ಅದು ಬೇರೆ ಯಾರದೋ ಮಗುವಿನದು, ಆ ಮಗುವಿನ ತಾಯಿ ಬಂದು ತೆಗೆದುಕೊಂಡು ಹೋದಳು. ಒಂದು ಕಡೆ ಗೋಡೆಯ ತುಂಡಿನ ಮೇಲೆ ಬಣ್ಣದ ಸೀಮೆಸುಣ್ಣದ ಗೆರೆ ಹಾಗೇ ಉಳಿದಿತ್ತು. ವಟಾಣಿಯದು ಅನ್ನಬಹುದಾದ ಒಂದು ಅಂಗಿ ಗುಂಡಿಯೂ ಸಿಗಲಿಲ್ಲ.

ಕಬ್ಬಿಣ ಪರೀಕ್ಷಿಸಲು ಸಮಿತಿಯ ಪರವಾಗಿ ಯಾರಾದರೂ ಇರಬೇಕೆಂದು ಡಬ್ಬಾ ಸಾಹೇಬ ಹೇಳಿ ಕಳಿಸಿದ್ದರಿಂದ ಚಿಲ್ಲರಮ್ಮ ಒಂದು ಮಧ್ಯಾಹ್ನ ಅಲ್ಲಿಗೆ ಹೋದಳು. ಅವಳು ಹೋದಾಗ ಅವನೂ ಅಕ್ಕನೂ ಗುಂಡಿಯೊಳಗೆ ನಿಂತಿದ್ದರು. ಯಂತ್ರ ನಿಂತಿತ್ತು.

"ಇನ್ನೂ ಸ್ವಲ್ಪ ಅಗೀರಿ" ಎನ್ನುತ್ತಿದ್ದಳು ಅಕ್ಕ.

"ಅಮ್ಮಾ, ಸಾಕು. ಇಲ್ಲಿಂದ ಕೆಳಗೆ ಹಳೇ ಮಣ್ಣು. ಗಟ್ಟಿ ನೆಲ ಸಿಕ್ಕಿತು. ಇನ್ನು ಅಗೆಯೋ ಹಾಗಿಲ್ಲ."

"ನನಗೆ ನೆಲ ಬೇಡ" ಎಂದಳು ಅಕ್ಕ. "ಆ ಕಡೆ ಅಗೀರಿ. ಗುಡ್ಡದ ಕಡೆ."

"ಆ ಕಡೆ ಅಗೆದ್ರೆ ಗುಡ್ಡದ ಕಾಲು ಕಡಿದ ಹಾಗೆ. ಮೇಲಿಂದು ಬರುತ್ತೆ."

ಅಕ್ಕ ಅವನ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಹಾಗೇ ನಿಂತಿದ್ದರು. ಚಿಲ್ಲರಮ್ಮ ಇಳಿದು ಹೋಗಿ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೇಲೆ ಕರೆತಂದಳು. ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ಇಬ್ಬರೂ ಕುಳಿತರು. ಅಕ್ಕನ ಉಗುರುಗಳ ಸಂದಿಯೆಲ್ಲ ಕೆಂಪಗಿತ್ತು.

"ನಾನು ಸ್ಕೂಲು ಬೇಕು ಅಂತ ಕೇಳಿದೆ ಅಂದುಕೊಂಡ್ಯಾ?" ಎಂದಳು ಅಕ್ಕ. ಮುಖ ಗುಂಡಿಯ ಕಡೆಗೇ ಇತ್ತು. "ಅಗೀಲಿ ಅಂತ ಕೇಳಿದೆ ಕಣೇ. ಎಷ್ಟು ಕಚೇರಿ ಅಲೆದೆ. ಒಂದೇ ಒಂದು ಸಲ ಅಗೆದು ನೋಡಿ ಅಂತ ಕಾಲು ಹಿಡಿದೆ. ಅಪಾಯದ ಜಾಗ, ಗುದ್ದಲಿ ತಾಕಿಸೋ ಹಾಗಿಲ್ಲ ಅಂದ್ರು. ಸ್ಕೂಲು ಅಂದ ತಕ್ಷಣ ಅದೇ ಜಾಗಕ್ಕೆ ಯಂತ್ರ ಬಂತು. ಹೆಣ ಹುಡುಕೋಕೆ ಅಪಾಯ, ಮಕ್ಕಳನ್ನ ಕೂರಿಸೋಕೆ ಅಪಾಯ ಇಲ್ಲ. ನಾನು ಏನು ಮಾಡಲಿ?"

ಚಿಲ್ಲರಮ್ಮ ಸೆರಗಿನ ತುದಿಯಿಂದ ಅಕ್ಕನ ಬೆರಳುಗಳ ಮಣ್ಣು ಒರೆಸಿದಳು.

"ಇವತ್ತು ಸಿಗ್ತಾಳೆ, ನಾಳೆ ಸಿಗ್ತಾಳೆ ಅಂತ ಕಾದೆ. ಸಿಕ್ಕಿದ್ರೆ ಆಮೇಲೆ ಸ್ಕೂಲು ಎಲ್ಲಿ ಬೇಕಾದ್ರೂ ಕಟ್ಟಿಕೊಳ್ಳಲಿ, ನಾನೇ ಎದ್ದು ನಿಂತು ಬಯಲಿಗೆ ಹೋಗಿ ಅಂತ ಹೇಳ್ತೀನಿ ಅಂದುಕೊಂಡಿದ್ದೆ." ಅಕ್ಕ ಆಗ ತಂಗಿಯ ಕಡೆ ತಿರುಗಿದಳು. "ಅವತ್ತು ನಿನಗೆ ಹಾಗೆ ಅಂದೆನಲ್ಲ. ಪುಟ್ಟಿನೂ ಇಲ್ಲಿಗೇ ಬರಬೇಕಲ್ವಾ?"

"ಬೇರೆ ಸ್ಕೂಲು ಎಲ್ಲಿದೆ?"

"ಈಗ ಬೇಡ ಅಂದ್ರೆ ಆಗುತ್ತಾ?"

ಅಕ್ಕ ಕೇಳಿಯೇ ನೋಡಿದಳು. ಚಿಲ್ಲರಮ್ಮ ಆ ವಾರವೇ ಸಭೆ ಕರೆಸಿದಳು. ಅಕ್ಕ ಗೋದಾಮಿನ ನಡುವೆ ನಿಂತು, ತಾನು ಅಂದು ಹೇಳಿದ್ದು ತಪ್ಪು, ಶಾಲೆ ಬಯಲಲ್ಲೇ ಆಗಲಿ, ಎಲ್ಲರ ಕಾಲಿಗೂ ಬೀಳುತ್ತೇನೆ ಎಂದಳು. ಕಾರಣವನ್ನೂ ಮುಚ್ಚಿಡಲಿಲ್ಲ. ಆಮೇಲೆ ಮಗು ಸಿಗದ ಆ ಇನ್ನೊಬ್ಬ ತಾಯಿ ಎದ್ದಳು.

"ನಿನಗೆ ಅಗೆಯೋದು ಮುಗೀತು ಅಂತ ಬೇಡವಾಯ್ತು" ಎಂದಳು. "ನನಗೆ ಆ ಸದ್ದು ಬೇಕು. ನನ್ನ ಮಗನಿಗೆ ಆ ಸದ್ದು ಬೇಕು. ನೀನೇ ಹೇಳಿಕೊಟ್ಟ ಮಾತು ಅದು. ಈಗ ಅದನ್ನೂ ಕಿತ್ಕೊಳ್ತೀಯಾ?"

ಕ್ಷೌರದಂಗಡಿಯವನು ತಗ್ಗಿದ ದನಿಯಲ್ಲಿ, "ನಿಮ್ಮ ಮುಖ ನೋಡಿ ಕೈ ಎತ್ತಿದ್ವಿ, ಅಕ್ಕಾ. ಎತ್ತಿದ ಕೈ ಇಳಿಸೋದು ಅಷ್ಟು ಸುಲಭ ಅಲ್ಲ" ಎಂದ. ಟೈರಿನ ವಾಸನೆಯಲ್ಲಿ ಮಕ್ಕಳು ಇನ್ನೆಷ್ಟು ವರ್ಷ ಕೂರಬೇಕು ಎಂದು ಹಿಂದಿನಿಂದ ಯಾರೋ ಕೇಳಿದರು. ಆ ಪ್ರಶ್ನೆಗೆ ಸಿಕ್ಕಷ್ಟು ಬೆಂಬಲ ಬೇರೆ ಯಾವ ಮಾತಿಗೂ ಸಿಗಲಿಲ್ಲ. ಡಬ್ಬಾ ಸಾಹೇಬ ಎದ್ದು, ಜಾಗ ಬದಲಾಯಿಸಲು ತಾನು ಮೇಲಿನ ಕಚೇರಿಗೆ ಬರೆದು ಕೇಳುತ್ತೇನೆ ಎಂದ. ಕೇಳಿದ ಕೂಡ. ಈ ವರ್ಷ ಕಟ್ಟದಿದ್ದರೆ ಶಾಲೆ ಬೇರೆ ಊರಿಗೆ ಹೋಗುತ್ತದೆ, ಬಯಲನ್ನು ಈಗಾಗಲೇ ಪೆಟ್ರೋಲ್ ಬಂಕಿಗೆ ಕೊಟ್ಟಾಗಿದೆ ಎಂಬ ಉತ್ತರ ಬಂತು. ಮುಂದಿನ ಸೋಮವಾರ ಕಾಂಕ್ರೀಟ್ ಲಾರಿಗಳು ಬಂದು ಗುಂಡಿಯನ್ನು ತುಂಬಿದವು.

ಕಟ್ಟಡ ಚೆನ್ನಾಗಿಯೇ ಬಂತು. ಅದರಲ್ಲಿ ಎರಡು ಮಾತಿಲ್ಲ. ಹೆಂಗಸರು ಪಾಳಿಯ ಮೇಲೆ ಗೋಡೆಗೆ ನೀರು ಹೊಯ್ದರು. ಮರಳಲ್ಲಿ ಮಣ್ಣು ಬೆರೆತಿದ್ದ ಒಂದು ಲೋಡನ್ನು ಮರಗೆಲಸದವನು ಹಿಂದಕ್ಕೆ ಕಳಿಸಿದ. ಶೌಚಾಲಯ ಮುಂದಿತ್ತು, ಕೋಣೆ ಕೋಣೆಗೂ ಕೆಂಪು ದೀಪವಿತ್ತು, ಹಿಂಗೋಡೆಯ ಉದ್ದಕ್ಕೂ ಗುಡ್ಡ ಕಾಣುವ ಕಿಟಕಿಗಳಿದ್ದವು. ನೆಲ ನಡುಗಿದರೆ ಆ ಕಟ್ಟಡದ ಒಂದು ಗಾಜೂ ಬೀಳುವುದಿಲ್ಲ ಎಂದು ಡಬ್ಬಾ ಸಾಹೇಬ ಹೇಳಿದ. ಗುಡ್ಡದ ಬಗ್ಗೆ ಅವನು ಏನೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಊರವರೇ ಕಟ್ಟಿಕೊಂಡ ಶಾಲೆ ಎಂದು ಅದನ್ನು ನೋಡಲು ಬೇರೆ ಬೇರೆ ಕಡೆಯಿಂದ ಜನ ಬಂದರು. ಅವರಿಗೆ ತೋರಿಸುವ ಕೆಲಸ ಕಾರ್ಯದರ್ಶಿಯದು. ಚಿಲ್ಲರಮ್ಮ ಬಾಗಿಲು ತೆರೆದು ತೋರಿಸಿದಳು, ದೀಪ ಹಾಕಿ ತೋರಿಸಿದಳು. ಕನ್ನಡಕ ಹಾಕಿದ್ದ ಒಬ್ಬ ಹುಡುಗಿ, "ಜಾಗವನ್ನೂ ನೀವೇ ಆರಿಸಿದ್ದಾ?" ಎಂದು ಮೆಚ್ಚುಗೆಯಿಂದ ಕೇಳಿದಳು. "ಹೌದು, ನಾವೇ" ಎಂದಳು ಚಿಲ್ಲರಮ್ಮ. ಹುಡುಗಿ ಅದನ್ನು ಬರೆದುಕೊಂಡಳು.

ಡಬ್ಬಾ ಸಾಹೇಬನಿಗೆ ಇನ್ನೊಂದು ಕಡೆ ಕೆಲಸ ಬಂತು. ಹೋಗುವಾಗ ಅವನು ತಡೆಗೋಡೆಗಿಂತ ಮೇಲ್ಗಡೆ, ಗುಡ್ಡದ ಮೈಯಲ್ಲಿ ಕೆಲವು ಕಬ್ಬಿಣದ ಗೂಟಗಳನ್ನು ನೆಟ್ಟು, ಅವುಗಳ ನಡುವಿನ ಅಂತರ ಹೆಚ್ಚಿದರೆ ತನಗೆ ಫೋನ್ ಮಾಡಿ ಎಂದು ಅಕ್ಕನಿಗೆ ಹೇಳಿಹೋದ. ಎರಡನೆಯ ಮಳೆಗಾಲದಲ್ಲಿ ಗೂಟಗಳು ದೂರವಾದವು. ಗೋಡೆಯ ಮೇಲ್ಗಡೆ ಹುಲ್ಲಿನ ನಡುವೆ ಒಂದು ಬಿರುಕು ಬಾಯಿಬಿಟ್ಟಿತ್ತು. ಮೊದಲು ಬೆರಳು ತೂರುವಷ್ಟು, ಆಮೇಲೆ ಕೈ ತೂರುವಷ್ಟು. ಅಕ್ಕ ಫೋನ್ ಮಾಡಿದಳು. ಅವನು ಮೇಲಿನವರಿಗೆ ಬರೆಯುತ್ತೇನೆ ಎಂದ. ಬರೆದಿರಲೂಬಹುದು. ಯಾರೂ ಬರಲಿಲ್ಲ. ಮುಖ್ಯೋಪಾಧ್ಯಾಯರು, "ಮಳೆ ಬಂದಾಗಲೆಲ್ಲ ರಜೆ ಕೊಟ್ರೆ ಪಾಠ ಯಾವಾಗ ಮಾಡೋದಮ್ಮ? ಅಷ್ಟು ದಪ್ಪ ಗೋಡೆ ಇದೆಯಲ್ಲ" ಎಂದರು. ಊರೂ ಅದನ್ನೇ ಹೇಳಿತು. ನಮ್ಮ ಕೈಯಾರೆ ಕಟ್ಟಿದ್ದು, ಅದಕ್ಕೆ ಏನೂ ಆಗುವುದಿಲ್ಲ ಎಂದಿತು.

ಊರು ಬಿಡೋಣ ಎಂದು ಚಿಲ್ಲರಮ್ಮ ಗಂಡನಿಗೆ ಹೇಳಿದಳು. ಡಿಪೋದಲ್ಲಿನ ತನ್ನ ಕೆಲಸ ಬಿಟ್ಟು ಎಲ್ಲಿಗೆ ಹೋಗುವುದು ಎಂದು ಅವನು ಕೇಳಿದ. ಪುಟ್ಟಿಗೆ ಹೊಸ ಶಾಲೆ ಇಷ್ಟವಾಗಿತ್ತು. ಈಗ ಅವಳು ಕೊಂಚ ಮಾತು ಕಲಿತಿದ್ದಳು. ಬೆಂಚಿನಲ್ಲಿ ಪಕ್ಕದಲ್ಲಿ ಕೂರುವ ಹುಡುಗಿಯ ವಿಷಯವಾಗಿ ಮನೆಗೆ ಬಂದು ಏನಾದರೂ ಹೇಳುತ್ತಿದ್ದಳು.

ಅಕ್ಕ ಲಾಂಡ್ರಿಯ ಕೆಲಸಕ್ಕೆ ಮತ್ತೆ ಹೋಗಲೇ ಇಲ್ಲ. ಶಾಲೆ ಇರುವ ದಿನಗಳಲ್ಲೆಲ್ಲ ಬೆಳಿಗ್ಗೆ ಬಂದು, ಹಿಂಬದಿಯ ಜಗಲಿಯ ಮೆಟ್ಟಿಲ ಮೇಲೆ, ತರಗತಿಗಳಿಗೆ ಬೆನ್ನು ಹಾಕಿ, ಗುಡ್ಡಕ್ಕೆ ಮುಖ ಮಾಡಿ ಕೂರುತ್ತಿದ್ದಳು. ಹೊಸದಾಗಿ ಸೇರಿದ ಮಕ್ಕಳು ಅವಳನ್ನು ಶಾಲೆಯ ಕಾವಲಿನವಳು ಎಂದೇ ತಿಳಿದಿದ್ದರು. ಸಂಜೆ ಕೊನೆಯ ಮಗು ಗೇಟು ದಾಟಿದ ಮೇಲೆ ಎದ್ದು ಮನೆಗೆ ಹೋಗುತ್ತಿದ್ದಳು.

ಒಂದು ದಿನ, ಕೌಂಟರಿನಿಂದ ತನಗೆ ವಾರದ ರಜೆ ಇದ್ದಾಗ, ಚಿಲ್ಲರಮ್ಮ ಅವಳಿಗೆ ಊಟ ತೆಗೆದುಕೊಂಡು ಹೋದಳು. ಹನಿ ಬೀಳುತ್ತಿತ್ತು. ಅಕ್ಕ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಕುಳಿತಿದ್ದಳು. ಬೆನ್ನ ಹಿಂದೆ ಮಕ್ಕಳು ಒಟ್ಟಾಗಿ ಏನನ್ನೋ ಒಪ್ಪಿಸುತ್ತಿದ್ದರು. ಆ ದನಿಗಳಲ್ಲಿ ಪುಟ್ಟಿಯದು ಯಾವುದೆಂದು ಚಿಲ್ಲರಮ್ಮ ಹುಡುಕಿದಳು, ಸಿಗಲಿಲ್ಲ.

"ಊಟ ಮಾಡು. ಅಷ್ಟು ಹೊತ್ತು ನಾನು ನೋಡ್ತಿರ್ತೀನಿ."

ಅಕ್ಕ ಡಬ್ಬಿ ತೆಗೆದುಕೊಂಡಳು, ತೆರೆಯಲಿಲ್ಲ.

"ಬಂದ್ರೆ ಏನು ಮಾಡ್ತೀಯ, ಅಕ್ಕಾ?"

"ಕೂಗ್ತೀನಿ."

"ಕೂಗೋದಕ್ಕೂ ಅದು ಇಲ್ಲಿಗೆ ಬರೋದಕ್ಕೂ ಎಷ್ಟು ಹೊತ್ತಿರುತ್ತೆ? ಕೇಳಿದ್ಯಾ ಡಬ್ಬಾ ಸಾಹೇಬ್ರನ್ನ?"

"ಕೇಳಿದೆ."

"ಏನಂದ್ರು?"

ಅಕ್ಕ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಗೋಡೆಯ ಮೇಲಿಂದ ಮುಷ್ಟಿಯಷ್ಟು ಮಣ್ಣು ಕಳಚಿ, ಉರುಳಿ, ಚರಂಡಿಗೆ ಬಿತ್ತು. ಇಬ್ಬರೂ ಅರ್ಧ ಎದ್ದರು. ಮತ್ತೇನೂ ಬರಲಿಲ್ಲ. ಚರಂಡಿಯ ನೀರು ಆ ಮಣ್ಣನ್ನು ಕರಗಿಸಿ ಕೆಂಪಗೆ ಹರಿದುಹೋಯಿತು. ಒಳಗೆ ಮಕ್ಕಳು ಒಪ್ಪಿಸುವುದನ್ನು ನಿಲ್ಲಿಸಿರಲಿಲ್ಲ.

ಮಳೆ ಜೋರಾಯಿತು. ಅಕ್ಕ ಪಕ್ಕಕ್ಕೆ ಸರಿದು ಪ್ಲಾಸ್ಟಿಕ್ ಹಾಳೆಯ ಒಂದು ತುದಿಯನ್ನು ಎತ್ತಿ ಹಿಡಿದಳು. ಚಿಲ್ಲರಮ್ಮ ಅದರೊಳಗೆ ಸೇರಿ, ಅವಳ ಭುಜಕ್ಕೆ ಭುಜ ತಾಗಿಸಿ, ಗುಡ್ಡದ ಕಡೆ ಮುಖ ಮಾಡಿ ಕುಳಿತಳು.